ಮೂರು ಅಡಿ ಎತ್ತರದ ಇಳಿಜಾರು: ಬಡಾವಣೆಯಲ್ಲೊಂದು ಸ್ಕೇಟ್‌ಪಾರ್ಕ್ ಕಟ್ಟಿದ ಅನುಭವ

ಸ್ಕೇಟ್‌ಬೋರ್ಡಿನ ಚಕ್ರದ ವ್ಯಾಸ ಸಾಮಾನ್ಯವಾಗಿ 50ರಿಂದ 54 ಮಿಲಿಮೀಟರ್. ಅದನ್ನು ಪಾಲಿಯುರೆಥೇನ್ ಎಂಬ ಗಟ್ಟಿಯಾದ ಪ್ಲಾಸ್ಟಿಕ್ಕಿನಿಂದ ಮಾಡಿರುತ್ತಾರೆ. ಸೈಕಲ್ಲು ಗಮನಿಸದೆಯೇ ದಾಟಿಹೋಗುವ ಒಂದು ಜೆಲ್ಲಿ ಚೂರು ಈ ಚಕ್ರವನ್ನು ತಡೆದು ನಿಲ್ಲಿಸಬಲ್ಲದು. ಹಲಗೆ ಅಲ್ಲಿಯೇ ನಿಲ್ಲುತ್ತದೆ, ಅದರ ಮೇಲಿದ್ದವರು ಮುಂದಕ್ಕೆ ಬೀಳುತ್ತಾರೆ. ಬೆಂಗಳೂರಿನ ರಸ್ತೆಗಳನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ. ನಾವು ಕೆಲವರು ಬಹುಕಾಲ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಪಾರ್ಕಿಂಗ್ ಜಾಗಗಳಲ್ಲಿ, ಕಾವಲುಗಾರರು ಬಂದು ಎಬ್ಬಿಸುವವರೆಗೆ, ಆಡಿಕೊಂಡಿದ್ದೆವು. ನಮಗೆ ಬೇಕಾಗಿದ್ದುದು ಮೊದಲಿಗೆ ಒಂದು ನುಣುಪಾದ ನೆಲ, ಅನಂತರ ಅದರ ಎರಡು ತುದಿಗಳಲ್ಲಿ ಒಂದೊಂದು ಇಳಿಜಾರು. ಇವೆರಡೂ ಯಾರು ಬೇಕಾದರೂ ಹಣ ಕೊಡದೆ ಬಂದು ಆಡಬಹುದಾದ ಜಾಗದಲ್ಲಿರಬೇಕು ಎಂಬುದು ನಮ್ಮ ಹಟವಾಗಿತ್ತು.

ಇಂಥದ್ದೊಂದನ್ನು ಸ್ವಂತ ಕೈಯಿಂದ ಕಟ್ಟಬಹುದು ಎಂಬ ಧೈರ್ಯ ನಮ್ಮ ಊರಿನಲ್ಲಿಯೇ ಹುಟ್ಟಿತ್ತು. 2013ರಲ್ಲಿ ಹೋಲಿಸ್ಟೋಕ್ಡ್ ಎಂಬ ಸ್ಥಳೀಯ ಸ್ಕೇಟರುಗಳ ತಂಡವು ಹೊರದೇಶಗಳಿಂದ ಬಂದ ಸ್ವಯಂಸೇವಕರೊಡನೆ ಸೇರಿ ಬೆಂಗಳೂರಿನಲ್ಲಿ ಕಾಂಕ್ರೀಟಿನ ಪಾರ್ಕೊಂದನ್ನು ಕಟ್ಟಿತು. 2015ರಲ್ಲಿ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಹಳ್ಳಿಯಲ್ಲಿಯೂ ಪಾರ್ಕ್ ಎದ್ದಿತು. ಅಲ್ಲಿಯ ಎರಡು ನಿಯಮಗಳಾದ ‘ಶಾಲೆಗೆ ಹೋಗದವರಿಗೆ ಸ್ಕೇಟಿಂಗ್ ಇಲ್ಲ’, ‘ಹೆಣ್ಣುಮಕ್ಕಳಿಗೆ ಮೊದಲ ಅವಕಾಶ’ ಎಂಬುವು ನಮಗೆ ಮುಂದೆ ಬಹಳ ಉಪಯೋಗಕ್ಕೆ ಬಂದವು.

ನಮ್ಮ ಬಡಾವಣೆಯ ಉದ್ಯಾನದ ಮೂಲೆಯಲ್ಲಿ ಪಾಳುಬಿದ್ದ ಬ್ಯಾಡ್ಮಿಂಟನ್ ಅಂಕಣವಿತ್ತು. ಅದನ್ನು ಕೇಳಲು ಹೋದ ಕಚೇರಿಯಲ್ಲಿ ಎದುರಾದ ಪ್ರಶ್ನೆ ಒಂದೇ: ‘ಮಗು ಬಿದ್ದರೆ ಯಾರು ಹೊಣೆ?’ ಈ ಪ್ರಶ್ನೆಯನ್ನು ಉಡಾಫೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ಹುಟ್ಟಿಕೊಂಡಿದ್ದ ಖಾಸಗಿ ಸ್ಕೇಟ್‌ಪಾರ್ಕುಗಳಲ್ಲಿ ಬಹಳಷ್ಟು ಮುಚ್ಚಿಹೋದದ್ದಕ್ಕೆ ವಿಮೆಯ ಹೊರೆ ಒಂದು ದೊಡ್ಡ ಕಾರಣವಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯವು 1997ರಲ್ಲಿ ಕಾನೂನು ತಂದು, ಸ್ಕೇಟ್‌ಬೋರ್ಡಿಂಗನ್ನು ಅಪಾಯವಿರುವ ಆಟಗಳ ಪಟ್ಟಿಗೆ ಸೇರಿಸಿ, ಪುರಸಭೆಗಳ ಹೊಣೆಯನ್ನು ಮಿತಗೊಳಿಸಿದ ಮೇಲೆಯೇ ಅಲ್ಲಿ ಸಾರ್ವಜನಿಕ ಪಾರ್ಕುಗಳು ಸಾಲುಸಾಲಾಗಿ ಎದ್ದವು. ನಮ್ಮಲ್ಲಿ ಅಂಥ ಕಾನೂನಿನ ಆಸರೆ ಸಿಗುವಂತಿರಲಿಲ್ಲವಾದ್ದರಿಂದ ಉತ್ತರವನ್ನು ಅಳತೆಯಲ್ಲಿಯೇ ಹುಡುಕಬೇಕಾಯಿತು. ನಿವಾಸಿಗಳ ಸಂಘವು ನಿರ್ವಹಣೆಯನ್ನು ಲಿಖಿತವಾಗಿ ವಹಿಸಿಕೊಂಡಿತು, ಹೆಲ್ಮೆಟ್ ಕಡ್ಡಾಯವೆಂಬ ಫಲಕ ಬಂತು, ಇಳಿಜಾರಿನ ಎತ್ತರ ಮೂರು ಅಡಿ ಮೀರಬಾರದೆಂದು ತೀರ್ಮಾನವಾಯಿತು. ನಮ್ಮ ತಂಡದ ಹುಡುಗರಿಗೆ ಈ ಮೂರಡಿ ತೀರಾ ಕಡಿಮೆ ಎನ್ನಿಸಿತು. ನನ್ನ ಅಭಿಪ್ರಾಯ ಬೇರೆ: ಸಾರ್ವಜನಿಕ ಜಾಗದಲ್ಲಿ ಆಡುವವರಲ್ಲಿ ಹತ್ತಕ್ಕೆ ಎಂಟು ಮಂದಿ ಕಲಿಯುವವರೇ ಆಗಿರುತ್ತಾರೆ, ಆರು ಅಡಿಯ ಇಳಿಜಾರನ್ನು ಕಟ್ಟಿದರೆ ನಾಲ್ಕು ಜನ ಆಡುತ್ತಾರೆ, ಉಳಿದವರು ನಿಂತು ನೋಡುತ್ತಾರೆ.

ಕ್ವಾರ್ಟರ್ ಪೈಪ್ ಎಂದು ಕರೆಯುವ ಈ ಇಳಿಜಾರು ವೃತ್ತದ ಒಂದು ತುಂಡು. ಎತ್ತರ ಮೂರು ಅಡಿ, ವೃತ್ತದ ತ್ರಿಜ್ಯ ಏಳು ಅಡಿ ಎಂದು ಇಟ್ಟುಕೊಂಡರೆ ನೆಲದಲ್ಲಿ ಅದು ಸುಮಾರು ಐದು ಮುಕ್ಕಾಲು ಅಡಿ ಉದ್ದ ಹಿಡಿಯುತ್ತದೆ ಮತ್ತು ತುದಿಯಲ್ಲಿ ಸುಮಾರು 55 ಡಿಗ್ರಿ ಕಡಿದಾಗುತ್ತದೆ. ತ್ರಿಜ್ಯವನ್ನು ಆರಡಿಗೆ ಇಳಿಸಿದರೆ ತುದಿ 60 ಡಿಗ್ರಿಗೆ ಏರುತ್ತದೆ. ಕಾಗದದ ಮೇಲೆ ಐದು ಡಿಗ್ರಿ ಸಣ್ಣದಾಗಿ ಕಂಡರೂ, ಮೊದಲ ಸಲ ಮೇಲಿನಿಂದ ಇಳಿಯಲು ನಿಂತ ಮಗುವಿನ ಎದೆಗೆ ಅದು ಸಣ್ಣದಲ್ಲ. ಬ್ಯಾಡ್ಮಿಂಟನ್ ಅಂಕಣದ ಉದ್ದ 44 ಅಡಿ. ಎರಡು ತುದಿಗಳಲ್ಲಿ ಇಳಿಜಾರು, ಅವುಗಳ ಹಿಂದೆ ನಿಲ್ಲಲು ಮೂರು ಮೂರು ಅಡಿಯ ಕಟ್ಟೆ, ಇಷ್ಟನ್ನು ಕಳೆದರೆ ನಡುವೆ 26 ಅಡಿಯಷ್ಟು ಸಮತಟ್ಟಾದ ಜಾಗ ಉಳಿಯುತ್ತದೆ. ಒಂದು ಇಳಿಜಾರಿನಿಂದ ಇಳಿದವರು ಕಾಲುಗಳನ್ನು ಸರಿಪಡಿಸಿಕೊಂಡು ಇನ್ನೊಂದನ್ನು ಏರುವುದಕ್ಕೆ ಅದು ಧಾರಾಳವಾಯಿತು. ಏಳಡಿ ದಾರದ ಒಂದು ತುದಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲ್ ಕಟ್ಟಿ ಪ್ಲೈವುಡ್ ಹಾಳೆಯ ಮೇಲೆ ಕಮಾನು ಗೀಚಿ ಕತ್ತರಿಸಿದೆವು. ಇಳಿಜಾರಿನ ಅಂಚಿಗೆ ಕೂರಿಸುವ ಕಬ್ಬಿಣದ ಪೈಪನ್ನು, ಅಂದರೆ ಕೋಪಿಂಗನ್ನು, ಹೊರವ್ಯಾಸ 60 ಮಿಲಿಮೀಟರ್ ಇರುವ ಎರಡಿಂಚಿನ ಪೈಪಿನಿಂದಲೇ ಮಾಡಿದೆವು. ಅದು ಕಟ್ಟೆಗಿಂತಲೂ ಇಳಿಜಾರಿನ ಮೈಗಿಂತಲೂ ಕಾಲಿಂಚಿನಷ್ಟು ಹೊರಚಾಚಿರಬೇಕು. ಕಡಿಮೆಯಾದರೆ ಚಕ್ರಕ್ಕೆ ಅಂಚು ಸಿಕ್ಕಿದ್ದೇ ತಿಳಿಯುವುದಿಲ್ಲ, ಹೆಚ್ಚಾದರೆ ಹಿಂದಿರುಗುವಾಗ ಚಕ್ರ ಸಿಕ್ಕಿಕೊಳ್ಳುತ್ತದೆ.

ಲೆಕ್ಕ ನಮ್ಮದಾದರೂ ಕೈ ನಮ್ಮದಲ್ಲ. ಈ ಕೆಲಸಕ್ಕೆ ನಾವು ಹುಡುಕಿದ್ದು ಹಳೆಯ ಮನೆಗಳಿಗೆ ರೆಡ್ ಆಕ್ಸೈಡ್ ನೆಲ ಹಾಕಿ ಪಳಗಿದ್ದ ಒಬ್ಬ ಹಿರಿಯ ಗಾರೆ ಮೇಸ್ತ್ರಿಯನ್ನು. ಟೈಲ್ಸ್ ಬಂದ ಮೇಲೆ ಅಂಥವರಿಗೆ ಕೆಲಸ ಕಡಿಮೆಯಾಗಿದೆ, ಆದರೆ ಸಿಮೆಂಟು ಬಿಗಿಯುವ ಹೊತ್ತನ್ನು ಬೆರಳಿನಲ್ಲಿ ಒತ್ತಿ ತಿಳಿಯುವ, ಉಕ್ಕಿನ ಕರಣೆಯಿಂದ ಮತ್ತೆ ಮತ್ತೆ ತೀಡಿ ಕನ್ನಡಿಯಂತೆ ಮಾಡುವ ವಿದ್ಯೆ ಅವರಲ್ಲಿ ಉಳಿದಿದೆ. ನಾನು ಹಲಗೆಯನ್ನು ಅವರ ಕೈಗೆ ಕೊಟ್ಟೆ. ಅವರು ಚಕ್ರವನ್ನು ತಿರುಗಿಸಿ ನೋಡಿ, ‘ಇಷ್ಟು ಸಣ್ಣ ಚಕ್ರಕ್ಕೆ ಕರಣೆಯ ಗೆರೆ ಕೂಡ ತಾಗುತ್ತೆ ಸಾರ್’ ಎಂದರು. ಅಲ್ಲಿಂದ ಮುಂದೆ ನಾನು ವಿವರಿಸುವುದು ಹೆಚ್ಚೇನೂ ಉಳಿಯಲಿಲ್ಲ.

ಇಳಿಜಾರಿಗೆ ಹಾಕುವ ಕಾಂಕ್ರೀಟಿಗೆ ನೀರು ಹೆಚ್ಚಾದರೆ ಅದು ಕೆಳಗೆ ಜಾರಿ ಹೊಟ್ಟೆ ಬಿಡುತ್ತದೆ. ಆದ್ದರಿಂದ 12 ಮಿಲಿಮೀಟರ್ ಜೆಲ್ಲಿ ಬಳಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುವಷ್ಟು ಗಟ್ಟಿಯಾಗಿ ಕಲಸಿ, ಗಟ್ಟಿಸಿದ ಮಣ್ಣಿನ ಮೇಲೆ ಹೆಣೆದ ಕಂಬಿಗಳ ನಡುವೆ ಬುಡದಿಂದ ಮೇಲಕ್ಕೆ ತುಂಬುತ್ತಾ ಹೋದೆವು. ಎರಡು ಬದಿಯ ಪ್ಲೈವುಡ್ ಕಮಾನುಗಳ ಮೇಲೆ ಅಡ್ಡಲಾಗಿ ನೆಟ್ಟಗಿನ ಪಟ್ಟಿಯೊಂದನ್ನಿಟ್ಟು, ಇಬ್ಬರು ಅದನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಎಳೆದಾಗ ಕಮಾನಿನ ಆಕಾರ ಮೂಡಿತು. ಆಮೇಲಿನದು ಕಾಯುವ ಕೆಲಸ. ಮೇಲ್ಮೈಯ ನೀರು ಹಿಂಗುವ ಮೊದಲೇ ತೀಡಿದರೆ ಮೇಲಿನ ಪದರ ಮುಂದೆ ಪುಡಿಯಾಗಿ ಏಳುತ್ತದೆ, ತಡವಾದರೆ ಕರಣೆ ಓಡುವುದಿಲ್ಲ. ಮೇಸ್ತ್ರಿಗಳು ಬೀಡಿ ಹಚ್ಚಿಕೊಂಡು ಕೂತು, ನಮ್ಮ ಅವಸರಕ್ಕೆ ಕಿವಿಗೊಡದೆ, ಹೊತ್ತು ನೋಡಿಯೇ ಎದ್ದರು. ನೆಲಕ್ಕೆ ನೂರು ಅಡಿಗೆ ಒಂದಡಿಯಂತೆ ಅಡ್ಡ ಇಳಿತ ಕೊಟ್ಟು ಮಳೆನೀರಿಗೆ ದಾರಿ ಮಾಡಿದೆವು, ಏಕೆಂದರೆ ಮೇ ತಿಂಗಳ ಒಂದು ಸಂಜೆಯ ಮಳೆಗೆ ನೀರು ನಿಂತರೆ ಮರುದಿನವೂ ಆಟವಿಲ್ಲ. ಗೋಣಿತಾಟು ಹೊದಿಸಿ ವಾರಕ್ಕೂ ಮಿಕ್ಕಿ ನೀರುಣಿಸಿದ್ದು ಬಡಾವಣೆಯ ಮಕ್ಕಳೇ. ಆಗಿನ್ನೂ ಅವರಲ್ಲಿ ಬಹುತೇಕರು ಸ್ಕೇಟ್‌ಬೋರ್ಡನ್ನು ಮುಟ್ಟಿಯೂ ಇರಲಿಲ್ಲ, ಆದರೆ ಜಾಗ ತಮ್ಮದೆಂಬ ಹಕ್ಕು ಆ ವಾರದಲ್ಲಿಯೇ ಅವರಿಗೆ ಬಂದಿತ್ತು.

ಹಲಗೆಗಳು ಅಗ್ಗವಲ್ಲ. ಹಳೆಯ ಸ್ಕೇಟರುಗಳು ಬಿಟ್ಟುಕೊಟ್ಟವನ್ನು ಸರಿಪಡಿಸಿ ಉದ್ಯಾನದ ಪಂಪ್‌ಹೌಸಿನಲ್ಲಿಟ್ಟು, ಸರದಿಯಂತೆ ಕೊಡುವ ಏರ್ಪಾಡು ಮಾಡಿದೆವು. ಕಲಿಸುವ ಕೆಲಸವನ್ನು ದೊಡ್ಡ ಹುಡುಗರು ತಾವಾಗಿಯೇ ವಹಿಸಿಕೊಂಡರು. ಚಿಕ್ಕವರಿಗೆ ಅವರೆಲ್ಲ ಅಣ್ಣಂದಿರಾದರು. ‘ಡ್ರಾಪ್ ಇನ್’, ಅಂದರೆ ಕಟ್ಟೆಯ ಅಂಚಿನಿಂದ ಇಳಿಜಾರಿಗೆ ಇಳಿಯುವುದನ್ನು, ಕಲಿಸುವಾಗ ಅಣ್ಣನೊಬ್ಬ ಕೆಳಗೆ ನಿಂತು ಎರಡೂ ಕೈ ಹಿಡಿಯುತ್ತಾನೆ, ಮುಂಗಾಲನ್ನು ಗಟ್ಟಿಯಾಗಿ ತುಳಿದು ಮೈಯನ್ನು ಮುಂದಕ್ಕೆ ಹಾಕುವಂತೆ ಹೇಳುತ್ತಾನೆ; ಹೆದರಿ ಹಿಂದಕ್ಕೆ ವಾಲಿದವರೇ ಬೀಳುವುದು. ಒಬ್ಬರು ಇಳಿದಿರುವಾಗ ಇನ್ನೊಬ್ಬರು ನುಗ್ಗಬಾರದು ಎಂಬುದು ಎಲ್ಲ ಪಾರ್ಕುಗಳ ಅಲಿಖಿತ ನಿಯಮ, ಹಾಗೆಯೇ ಯಾರಾದರೂ ಹೊಸದೊಂದನ್ನು ಸಾಧಿಸಿದಾಗ ಕಟ್ಟೆಯ ಮೇಲಿದ್ದವರು ತಮ್ಮ ಹಲಗೆಯ ಬಾಲವನ್ನು ಕೋಪಿಂಗಿಗೆ ಬಡಿದು ಸದ್ದು ಮಾಡುವುದೂ ಎಲ್ಲೆಡೆಯ ಪದ್ಧತಿ. ಬೆಳಗಿನ ಆ ಸದ್ದಿನ ಬಗ್ಗೆ ಎದುರು ಮನೆಯವರು ತಕರಾರು ತೆಗೆದ ಮೇಲೆ ಎಂಟು ಗಂಟೆಯವರೆಗೆ ಚಪ್ಪಾಳೆಗೆ ಮಾತ್ರ ಅವಕಾಶವಿದೆ.

ಹೆಣ್ಣುಮಕ್ಕಳು ಮೊದಮೊದಲು ಕಲ್ಲುಬೆಂಚಿನ ಮೇಲೆ ಕೂತು ನೋಡುತ್ತಿದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಸ್ಕೇಟ್‌ಬೋರ್ಡಿಂಗ್‌ನಲ್ಲಿ ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ ಆಗ ಹದಿಮೂರೇ ವರ್ಷ ಎಂದು ಮೊಬೈಲಿನಲ್ಲಿ ತೋರಿಸಿದ್ದು ತಾಯಂದಿರ ಮೇಲೆ ಸ್ವಲ್ಪ ಪರಿಣಾಮ ಬೀರಿತು, ಆದರೆ ನಿಜವಾಗಿ ಕೆಲಸ ಮಾಡಿದ್ದು ಜನವಾರ್‌ನಿಂದ ಎರವಲು ತಂದ ನಿಯಮ. ಸಂಜೆಯ ಮೊದಲ ಒಂದು ಗಂಟೆ ಹಲಗೆಗಳು ಹುಡುಗಿಯರ ಕೈಗೆ ಮಾತ್ರ ಸಿಗುತ್ತವೆ. ಈಗ ಅಕ್ಕಂದಿರೂ ಕಲಿಸುತ್ತಿದ್ದಾರೆ, ಮತ್ತು ಮುಂಚಕ್ರ ಎತ್ತಿ ಹಿಂಚಕ್ರದ ಮೇಲೆ ತಿರುಗುವ ಕಿಕ್‌ಟರ್ನಿನಲ್ಲಿ ಅವರ ಕಾಲು ಹುಡುಗರಿಗಿಂತ ನಿಖರವಾಗಿದೆ ಎಂಬುದು ಪಕ್ಷಪಾತವಿಲ್ಲದ ನನ್ನ ಮಾತು.

ಆಟಕ್ಕೆ ಮೊದಲು ಇಡೀ ನೆಲ ಗುಡಿಸುವುದು ಮೊದಲು ಬಂದವರ ಪಾಲು. ಹೊಂಗೆಯ ಹೂವು ಉದುರುವ ದಿನಗಳಲ್ಲಿ ಇದು ಸಣ್ಣ ಕೆಲಸವಲ್ಲ. ಮಳೆಗಾಲಕ್ಕೆ ಮುನ್ನ ಬಿರುಕುಗಳಿಗೆ ಎಪಾಕ್ಸಿ ತುಂಬುತ್ತೇವೆ. ದೊಡ್ಡ ಹುಡುಗರು ಬೌಲ್, ಅಂದರೆ ಬಟ್ಟಲಿನಾಕಾರದ ಆಳವಾದ ಕಾಂಕ್ರೀಟ್ ಗುಂಡಿ, ಬೇಕೆಂದು ಕೇಳುತ್ತಲೇ ಇದ್ದಾರೆ, ನಾನು ಒಪ್ಪಿಲ್ಲ. ಅದರ ಬದಲು ಜಿಗಣಿಯ ಗ್ರಾನೈಟ್ ಕಾರ್ಖಾನೆಗಳಲ್ಲಿ ಮಿಗುವ ತುಂಡುಗಳನ್ನು ತಂದು, ಅಂಕಣದ ಒಂದು ಬದಿಯುದ್ದಕ್ಕೂ ಹತ್ತಿಂಚು ಎತ್ತರದ ಜಗಲಿ ಕಟ್ಟಿ ಅದರ ಅಂಚಿಗೆ ಕೂರಿಸುವ ಯೋಚನೆಯಿದೆ. ಮೇಣದಬತ್ತಿ ಉಜ್ಜಿದ ಗ್ರಾನೈಟಿನ ಮೇಲೆ ಹಲಗೆ ಚೆನ್ನಾಗಿ ಜಾರುತ್ತದೆ, ಆಟವಿಲ್ಲದ ಹೊತ್ತಿನಲ್ಲಿ ವಾಕಿಂಗ್ ಬರುವ ಹಿರಿಯರು ಅದರ ಮೇಲೆ ಕೂರಬಹುದು. ಸಂಘದ ಸಭೆಯಲ್ಲಿ ಈ ಎರಡನೆಯ ಕಾರಣವನ್ನೇ ಮುಂದಿಟ್ಟು ಒಪ್ಪಿಗೆ ಪಡೆದಿದ್ದೇವೆ.