ಹಳೇ ಕಾಮಿಕ್ಸ್ ಯಾರ ಮನೇದು ಅನ್ನೋದಕ್ಕೂ ದುಡ್ಡು ಬರುತ್ತೆ: ನನ್ನ ಅನುಭವ

ಹೋದ ದೀಪಾವಳಿ ಹೊತ್ತಿಗೆ ನನ್ನ ಕನ್ನಡ ಇಂದ್ರಜಾಲ ಕಾಮಿಕ್ಸ್ (ಫ್ಯಾಂಟಮ್, ಮ್ಯಾಂಡ್ರೇಕ್ ಕಥೆಗಳು ಬರ್ತಿದ್ದದ್ದು) ಲಾಟು, ಒಂದೇ ಮನೇದು, 46 ಸಂಚಿಕೆ, ಹತ್ತಿರತ್ತಿರ 38 ಸಾವಿರಕ್ಕೆ ಹೋಯ್ತು. ಬಿಡಿಬಿಡಿಯಾಗಿ ಕೊಟ್ಟಿದ್ರೆ 25 ದಾಟ್ತಿರ್ಲಿಲ್ಲ, ಆ ರೇಟು ನಮಗೆಲ್ಲ ಗೊತ್ತಿರೋದೇ. "ಯಾರ ಮನೇಲಿತ್ತು ಅನ್ನೋದಕ್ಕೆಲ್ಲ ನಮ್ಮಲ್ಲಿ ಯಾರು ದುಡ್ಡು ಕೊಡ್ತಾರೆ, ಅದೆಲ್ಲ ಅಮೆರಿಕದಲ್ಲಿ" ಅಂತ ಮೂರು ವರ್ಷದಿಂದ ಹೇಳ್ತಾ ಬಂದ ಗೆಳೆಯರು ಇದನ್ನ ಓದ್ಲಿ ಅಂತಾನೇ ಬರೀತಿದೀನಿ.

ಮೊದಲ ಸಲ ಪೂರ್ತಿ ಸೋತಿದ್ದೆ. ಗುಜರಿ ಅಂಗಡೀಲಿ ಸುಮಾರು 60 ಪುಸ್ತಕ 4 ಸಾವಿರಕ್ಕೆ ತಗೊಂಡೆ, ಯಾವ್ದೋ ದೊಡ್ಡ ಮನೆತನದವರ ಬಂಗಲೆ ಖಾಲಿ ಮಾಡ್ದಾಗ ಬಂದಿದ್ದು ಅಂದ್ರು ಅಂಗಡಿಯವ್ರು. ನಾನೂ ಮಾರೋವಾಗ ಅದೇ ಕಥೆ ಹೇಳ್ದೆ, ಒಬ್ರೂ ಒಂದು ರೂಪಾಯಿ ಜಾಸ್ತಿ ಕೊಡ್ಲಿಲ್ಲ, "ಪುರಾವೆ ಏನಿದೆ ತೋರ್ಸಿ" ಅಂದವರಿಗೆ ತೋರ್ಸೋಕೆ ನನ್ನತ್ರ ಏನೂ ಇರ್ಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಯೋ ವಿಷಯ ಅಂದ್ರೆ, ಪುರಾವೆ ನನ್ನ ಕೈಯಲ್ಲೇ ಇತ್ತು. ಒಳಪುಟದಲ್ಲಿ ಒಬ್ಬ ಹುಡುಗ ಇಂಕಲ್ಲಿ ಹೆಸರು, ಕ್ಲಾಸು, ತಾರೀಖು ಬರೆದಿದ್ದ, ನಾನು ಅದನ್ನ ಗಲೀಜು ಅನ್ಕೊಂಡು ಸ್ಪಿರಿಟ್ ಹಾಕಿ ಒರೆಸೋಕೆ ಹೋದೆ, ಆ ಕಾಗದ ಅದನ್ನ ತಡೀಲಿಲ್ಲ, ನೀಲಿ ಹಿಂದಿನ ಪುಟಕ್ಕೂ ಹರಡ್ತು. 11 ಪುಸ್ತಕ ಹಾಳು.

ಆಮೇಲೆ ತೀರ್ಥಹಳ್ಳಿ ಕಡೆ ಒಬ್ರು ರಿಟೈರ್ಡ್ ಹೆಡ್‌ಮಾಸ್ಟರ್ ಮನೆ ಸಿಕ್ತು, ಮೊದಲು ಹೇಳಿದ 46 ಸಂಚಿಕೆ ಅಲ್ಲಿಂದ ಬಂದಿದ್ದೇ. ಮಕ್ಕಳಿಗೆ ಅಂತ 80ರ ದಶಕದಲ್ಲಿ ಪೇಪರ್ ಏಜೆಂಟ್ ಹತ್ರ ತರಿಸಿದ್ದು, ಓದಿದ್ಮೇಲೆ ಕಬ್ಬಿಣದ ಟ್ರಂಕಲ್ಲಿ ಇಟ್ಟವ್ರು ತೆಗೆದೇ ಇಲ್ಲ. ಮೇಷ್ಟ್ರು ಏಜೆಂಟ್ ಬಿಲ್ಲುಗಳನ್ನೂ ತಂತೀಲಿ ಪೋಣಿಸಿ ಇಟ್ಟಿದ್ರು! ಈ ಸಲ ಒಂದು ಪುಸ್ತಕ ಮುಟ್ಟೋಕೆ ಮುಂಚೆ ಟ್ರಂಕ್ ಮುಚ್ಚಿದ್ದು, ತೆಗೆದಿದ್ದು, ಒಂದೊಂದು ಕಟ್ಟು, ಎಲ್ಲ ಫೋಟೋ ತೆಗೆದೆ. ಮೇಷ್ಟ್ರ ಕೈಯಲ್ಲೇ ಒಂದು ಪುಟ ಬರೆಸಿ ಸಹಿ ಹಾಕಿಸ್ಕೊಂಡೆ. ಅವರಿಗೆ ಕೊಟ್ಟಿದ್ದು 15 ಸಾವಿರ, ಓಡಾಟ ಕವರು ಎಲ್ಲ ಸೇರಿ ಇನ್ನೊಂದು 4, ಉಳಿದಿದ್ದು ಲೆಕ್ಕ ಹಾಕ್ಕೊಳ್ಳಿ. ಇಂಥ ಮನೆ ಹೇಗೆ ಹುಡುಕ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಹೇಳಲ್ಲ.

ಅಮೆರಿಕದ ಉದಾಹರಣೆ ಕೊಡೋರು ಯಾವಾಗಲೂ ಹಾಲಿವುಡ್ ನಟ ನಿಕೋಲಸ್ ಕೇಜ್ ಹೆಸರು ಎತ್ತುತಾರೆ. 2000ದಲ್ಲಿ ಅವರ ಮನೆಯಿಂದ ಕಳುವಾದ ಆ್ಯಕ್ಷನ್ ಕಾಮಿಕ್ಸ್ 1 (ಸೂಪರ್‌ಮ್ಯಾನ್ ಮೊದಲು ಬಂದ ಸಂಚಿಕೆ), 2011ರಲ್ಲಿ ಸಿಕ್ಕಿ ಅದೇ ವರ್ಷ 21.6 ಲಕ್ಷ ಡಾಲರ್‌ಗೆ ಹೋಯ್ತು, ನಿಜ, ಆದ್ರೆ ಅದು 9.0 ಗ್ರೇಡಿನ ಪ್ರತಿ, ಅಂದ್ರೆ ಪುಸ್ತಕದ ಸ್ಥಿತಿಗೆ ಹತ್ತಕ್ಕೆ ಒಂಬತ್ತು ಅಂಕ, ನಟನ ಹೆಸರಿಗೆ ಅಷ್ಟು ಕೊಟ್ರು ಅಂತ ನಾನು ಒಪ್ಪಲ್ಲ. ನೋಡ್ಬೇಕಾದ್ದು ಎಡ್ಗರ್ ಚರ್ಚ್ ಕಲೆಕ್ಷನ್. 1977ರಲ್ಲಿ ಕೊಲೊರಾಡೊದಲ್ಲಿ ಚಕ್ ರೊಜಾನ್ಸ್‌ಕಿ ಅನ್ನೋ ಕಾಮಿಕ್ಸ್ ವ್ಯಾಪಾರಿ ತಗೊಂಡಿದ್ದು, 18 ಸಾವಿರದ ಮೇಲೆ ಪುಸ್ತಕ. ಚರ್ಚ್ ಒಬ್ಬನೇ ಕೊಂಡು, ಒಣ ಹವೆಯಲ್ಲಿ ಒಂದರ ಮೇಲೊಂದು ಒತ್ತಾಗಿ ಜೋಡಿಸಿಟ್ಟಿದ್ದ, ಅದಕ್ಕೇ ಹಾಳೆ ಇನ್ನೂ ಬಿಳೀ ಇದೆ. ಚರ್ಚ್ ಅನ್ನೋ ಹೆಸರು ಅಂದ್ರೆ ಪುಸ್ತಕ ಹೇಗೆ ಬದುಕ್ತು ಅನ್ನೋದಕ್ಕೆ ಗ್ಯಾರಂಟಿ, ಜನ ದುಡ್ಡು ಕೊಡೋದು ಅದಕ್ಕೆ.

ನಮ್ಮಲ್ಲಿ ಅಂತೂ ಇದು ಇನ್ನೂ ಜಾಸ್ತಿ ಬೇಕು. ಯಾವ ಕನ್ನಡ ಕಾಮಿಕ್ಸ್‌ಗೆ ಎಷ್ಟು ಬೆಲೆ ಅಂತ ಬರೆದಿಟ್ಟ ಪಟ್ಟಿ ನಮ್ಮಲ್ಲಿ ಯಾರ ಹತ್ರಾನೂ ಇಲ್ಲ, ಗ್ರೇಡಿಂಗ್‌ಗೆ ಅಮೆರಿಕಕ್ಕೆ ಕಳಿಸಿದ್ರೆ ಪುಸ್ತಕಕ್ಕಿಂತ ಖರ್ಚೇ ಜಾಸ್ತಿ. ತಗೊಳ್ಳೋರಿಗೆ ಭಯ ಏನು, ರಟ್ಟು ಕಲರ್ ಜೆರಾಕ್ಸಾ, ನಡುವಿನ ಹಾಳೆ ಬೇರೆ ಪ್ರತಿಯಿಂದ ಸೇರಿಸಿದ್ದಾ, ಯಾವ ಮುದ್ರಣ? ಅಮರ ಚಿತ್ರ ಕಥೆಯಲ್ಲಿ ಈ ಕೊನೇದೇ ದೊಡ್ಡ ತಲೆನೋವು, ಮತ್ತೆ ಮತ್ತೆ ಅಚ್ಚಾಗಿದೆಯಲ್ಲ. ಅಲ್ಲಿ ಕೈಬರಹದ ತಾರೀಖು ಒಂದಿದ್ರೆ, ಪುಸ್ತಕ ಅದಕ್ಕಿಂತ ಈಚೆಗೆ ಅಚ್ಚಾಗಿರೋಕೆ ಸಾಧ್ಯ ಇಲ್ಲ, ಅಷ್ಟು ಸರಳ. ಪರೀಕ್ಷೆ ಮಾಡೋಣ ಅಂತ ಒಂದೇ ಪುಸ್ತಕದ ಎರಡು ಪ್ರತಿ ಮಾರೋಕಿಟ್ಟೆ, ಎರಡೂ ಒಂದೇ ಥರ ಸವೆದಿದ್ವು, ಒಂದರಲ್ಲಿ ಮಾತ್ರ ಶಾಲಾ ವಾರ್ಷಿಕೋತ್ಸವದ ಬಹುಮಾನದ ಚೀಟಿ, 1974. ಚೀಟಿ ಇದ್ದಿದ್ದು 1,800ಕ್ಕೆ ಹೋಯ್ತು, ಇಲ್ಲದ್ದು 1,100. ಚೀಟಿಯ ಇಂಕು ಆ ಕಾಲದ್ದೇನಾ ಅಂತ ನೋಡೋಕೆ ನನ್ನದೇ ಒಂದು ದಾರಿ ಇದೆ, ಅದು ಹೊರಗೆ ಬಂದ್ರೆ ನಕಲಿ ಮಾಡೋರು ಕಲೀತಾರೆ, ಅದಕ್ಕೆ ಬಿಟ್ಟಿದೀನಿ.

ಬಾಡಿಗೆ ಲೈಬ್ರರಿ ಸೀಲ್ ಮಾತ್ರ ಬೆಲೆ ಏರಿಸಲ್ಲ, ಇಳಿಸುತ್ತೆ, ನೂರು ಕೈ ದಾಟಿದ್ದು ಅಂತ ಅದೇ ಕೂಗಿ ಹೇಳುತ್ತೆ. ಒಟ್ಟಿಗೆ ಬೈಂಡ್ ಮಾಡಿಸಿರೋ ಸಂಪುಟ ಸಿಕ್ಕಿದ್ರೆ ಬಿಚ್ಚಬೇಡಿ, ನಾನು ಎರಡು ಬಿಚ್ಚಿದೆ, ಅಂಚು ಕತ್ತರಿಸಿದ್ದು ಸರಿ ಹೋಗ್ಲಿಲ್ಲ, ಒಂದೇ ಮನೇದು ಅನ್ನೋ ಗುರುತೂ ಹೋಯ್ತು. ಹುಳಕ್ಕೆ ಅಂತ ಬೇವಿನೆಲೆ ಇಟ್ಟು ನೋಡ್ದೆ, ಎಲೆಯ ಕಲೆ ಹಾಳೆ ಮೇಲೆ ಅಚ್ಚಾಯ್ತು, ಈಗ ಬರೀ ಸಿಲಿಕಾ ಜೆಲ್. ಬಿಲ್ಲು, ಪತ್ರ ಎಲ್ಲ ಪುಸ್ತಕದ ಜೊತೆ ಒಂದೇ ಕವರಲ್ಲಿ ಹಾಕ್ಬೇಡಿ, ಆ ಹಳೇ ಬಿಲ್ಲಿನ ಹಳದಿ ರಟ್ಟಿಗೂ ಇಳಿಯುತ್ತೆ.

ಈಗ ಧಾರವಾಡ ಕಡೆ ಇನ್ನೊಂದು ಟ್ರಂಕ್ ನೋಡಿಟ್ಟು ಬಂದಿದೀನಿ. ಯಜಮಾನ್ರು ಕೊಡೋಕೆ ತಯಾರಿದಾರೆ, ಅವರ ತಮ್ಮ ಇನ್ನೂ ಹೂಂ ಅಂದಿಲ್ಲ. ಅಟ್ಟದ ಮೇಲೆ ಹಳೇ ಬಿಲ್ಲುಗಳು ಇರ್ಬೇಕು, ಹುಡುಕ್ತೀವಿ ಅಂದಿದಾರೆ, ಅದು ಸಿಗೋವರೆಗೂ ನಾನು ಅಡ್ವಾನ್ಸ್ ಕೊಡಲ್ಲ.