ಮೋಟರ್‌ಹೋಮ್ ವಾಲಿದರೆ ಮೊದಲು ಏರ್‌ಬ್ಯಾಗ್ ಬಿಚ್ಚಬೇಡಿ

ಹ್ಯೂಸ್ಟನ್‌ನಲ್ಲಿ ನಮ್ಮದೊಂದು ಹಳೇ ಡೀಸೆಲ್ ಮೋಟರ್‌ಹೋಮ್ ಇದೆ, ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಬಸ್‌ನಂಥ ಗಾಡಿ. ಫ್ರೈಟ್‌ಲೈನರ್ ಕಂಪನಿಯ ಚಾಸಿ, ಎಂಜಿನ್ ಹಿಂದೆ, ಲೀಫ್ ಸ್ಪ್ರಿಂಗ್ ಬದಲು ಏರ್ ಸಸ್ಪೆನ್ಷನ್, ಅಂದರೆ ಗಾಡಿಯ ಭಾರ ಹೊರುವುದು ಏರ್‌ಬ್ಯಾಗ್ ಅನ್ನುವ ಗಾಳಿ ತುಂಬಿದ ರಬ್ಬರ್ ಚೀಲಗಳು. ರಾತ್ರಿ ನೆಟ್ಟಗೆ ನಿಲ್ಲಿಸಿದ ಗಾಡಿ ಬೆಳಗ್ಗೆ ಹಿಂದಿನ ಎಡ ಮೂಲೆಗೆ ವಾಲಿರುತ್ತಿತ್ತು. ಒಂದು ಗ್ಯಾರೇಜಿನವರು ಕೆಳಗೆ ಬಗ್ಗಿಯೂ ನೋಡದೆ ಹಿಂದಿನ ಏರ್‌ಬ್ಯಾಗ್ ಎಲ್ಲಾ ಬದಲಾಯಿಸಬೇಕು ಅಂದರು. ಆ ಎಸ್ಟಿಮೇಟ್ ನೋಡಿದ ಮೇಲೆ ನಾನೇ ಕೈ ಹಾಕಿದೆ.

ಇದರ ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಎಂಜಿನ್ನಿನ ಕಂಪ್ರೆಸರ್ ಗಾಳಿ ತುಂಬುತ್ತದೆ, ಅದು ತೇವ ತೆಗೆಯುವ ಏರ್ ಡ್ರೈಯರ್ ದಾಟಿ ಟ್ಯಾಂಕ್‌ಗಳಿಗೆ ಹೋಗುತ್ತದೆ, ಗಾಳಿಯ ಒತ್ತಡ ತೋರಿಸುವ ಮೀಟರ್ 120ರಿಂದ 130 ಪಿಎಸ್‌ಐ (ಒತ್ತಡದ ಅಳತೆ) ಹತ್ತಿರ ಬಂದಾಗ ಗವರ್ನರ್ ಅನ್ನುವ ಭಾಗ ಗಾಳಿ ತುಂಬೋದನ್ನು ನಿಲ್ಲಿಸುತ್ತದೆ, ಆಗ ಡ್ರೈಯರ್ 'ಉಸ್' ಅಂತ ತೇವ ಉಗುಳುತ್ತದೆ. ನಮ್ಮೂರಿನ ಐರಾವತ ಬಸ್‌ನಲ್ಲಿ ಓಡಾಡಿದವರಿಗೆ ಆ ಸದ್ದು ಗೊತ್ತಿರುತ್ತದೆ. ಬ್ಯಾಗಿಗೆ ಎಷ್ಟು ಗಾಳಿ ಬೇಕು ಅಂತ ನೋಡಿಕೊಳ್ಳೋದು ಹೈಟ್ ವಾಲ್ವ್. ಅದರ ಕೈ ಒಂದು ಕಡ್ಡಿಯ ಮೂಲಕ ಆಕ್ಸಲ್‌ಗೆ ಸೇರಿರುತ್ತದೆ. ಗಾಡಿ ಕುಸಿದರೆ ಗಾಳಿ ಒಳಗೆ, ಎದ್ದರೆ ಗಾಳಿ ಹೊರಗೆ. ನಮ್ಮದರಲ್ಲಿ ಇಂಥ ವಾಲ್ವ್ ಮೂರಿವೆ, ಮುಂದೆ ಒಂದು, ಹಿಂದೆ ಎರಡು. ಅಂದರೆ ಮೂರು ಕಾಲಿನ ಸ್ಟೂಲ್ ಇದ್ದ ಹಾಗೆ, ಎಡ-ಬಲದ ಸಮತೋಲ ಪೂರ್ತಿ ಹಿಂದಿನ ಎರಡರದ್ದೇ. ಹಾಗಾಗಿ ಮುಂಭಾಗ ವಾಲಿದಂತೆ ಕಂಡರೂ ನಾನು ಮೊದಲು ಹಿಂದೆ ಹೋಗಿ ನೋಡುತ್ತೇನೆ.

ಕೆಳಗೆ ಹೋಗುವ ಮುಂಚೆ ಒಂದು ಮಾತು. ಬ್ಯಾಗ್‌ನಲ್ಲಿ ಗಾಳಿ ಇದೆ ಅಂತ, ಅಥವಾ ನಿಂತ ಗಾಡಿಯನ್ನು ಮಟ್ಟ ಮಾಡುವ ಲೆವೆಲಿಂಗ್ ಜಾಕ್ ಇಳಿಸಿದ್ದೀನಿ ಅಂತ ನಂಬಿ ಯಾವತ್ತೂ ಕೆಳಗೆ ನುಸುಳಬೇಡಿ. ಒಂದು ಪೈಪ್ ಕಳಚಿದರೂ ಸಾಕು, ಗಾಡಿ ಕ್ಷಣದಲ್ಲಿ ಹಲವು ಇಂಚು ಕೂತುಬಿಡುತ್ತದೆ. ಆಮೇಲೆ ಮನುಷ್ಯನಿಗೆ ಜಾಗ ಇರಲ್ಲ. ಫ್ರೇಮ್ ಕೆಳಗೆ ಆ ತೂಕ ತಡೆಯುವ ಸ್ಟ್ಯಾಂಡ್, ಚಕ್ರಕ್ಕೆ ಅಡೆ, ಇವೆರಡೂ ಇಲ್ಲದಿದ್ದರೆ ನಾನು ತಲೆ ಕೂಡ ಒಳಗೆ ಹಾಕಲ್ಲ.

ಸೋರಿಕೆ ಹುಡುಕೋಕೆ ಬೇಕಾದ್ದು ಸ್ಪ್ರೇ ಬಾಟಲಿ ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು. ಅದಕ್ಕೂ ಮುಂಚೆ ಮೀಟರ್ ಹೇಳೋದನ್ನು ಕೇಳಿ. ಗಾಡಿ ವಾಲದೆ ಮೀಟರ್ ಮಾತ್ರ ಇಳಿಯುತ್ತಿದ್ದರೆ ಟ್ಯಾಂಕ್, ಡ್ರೈಯರ್, ಬ್ರೇಕ್ ಕಡೆ ಹುಡುಕಿ. ಒಂದೇ ಮೂಲೆ ಕೂತರೆ ಆ ಮೂಲೆಯ ವಾಲ್ವ್, ಅಲ್ಲಿಂದ ಬ್ಯಾಗಿನವರೆಗಿನ ಪೈಪು, ಬ್ಯಾಗು, ಅಷ್ಟೇ. ಗಾಳಿ ಪೂರ್ತಿ ತುಂಬಿಸಿ, ಎಂಜಿನ್ ಆಫ್ ಮಾಡಿ, ಪ್ರತಿ ಜಾಯಿಂಟಿಗೂ ಸೋಪು ಸಿಂಪಡಿಸಿ ಸುಮ್ನೆ ಕಾಯಬೇಕು. ದೊಡ್ಡ ಗುಳ್ಳೆಗಳೇ ಬರಬೇಕು ಅಂತಿಲ್ಲ. ನನಗೆ ಸಿಕ್ಕಿದ್ದು ವಾಲ್ವ್‌ನ ಫಿಟ್ಟಿಂಗ್ ಸುತ್ತ ನಿಧಾನವಾಗಿ ಬೆಳೆಯುತ್ತಿದ್ದ ಬಿಳಿ ನೊರೆ. ಪೈಪ್ ಹೊರಗೆ ಎಳೆದರೆ ಅದರ ತುದಿ ಓರೆಯಾಗಿ ಕತ್ತರಿಸಿತ್ತು, ಮೈಮೇಲೆ ಉದ್ದಕ್ಕೆ ಒಂದು ಗೀರು. ಗಾಳಿ ಪೂರ್ತಿ ಇಳಿಸಿಕೊಂಡು ಪೈಪ್ ಕಟರ್‌ನಲ್ಲಿ ಆ ತುದಿಯನ್ನು ನೇರವಾಗಿ ಕತ್ತರಿಸಿ, ಫಿಟ್ಟಿಂಗ್‌ನೊಳಗೆ ತಡೆ ಸಿಗುವವರೆಗೆ ಒತ್ತಿ, ಒಮ್ಮೆ ಎಳೆದು ನೋಡಿದೆ. ವಾಲೋದು ನಿಂತಿತು. ಖರ್ಚು ಏನೂ ಇಲ್ಲ, ಬೆನ್ನು ನೋವು ಮಾತ್ರ.

ವಾಲ್ವ್ ಗಾಳಿ ಹೊರಬಿಡುವ ಎಕ್ಸಾಸ್ಟ್ ತೂತಿನಲ್ಲಿ ಗುಳ್ಳೆ ಬಂದರೆ ಕಡ್ಡಿ ಕಳಚಿ, ವಾಲ್ವ್‌ನ ಕೈಯನ್ನು ನಡುವಿಗೆ ತಂದು ಹಿಡಿಯಿರಿ. ಗುಳ್ಳೆ ನಿಂತರೆ ಕಡ್ಡಿಯ ಅಳತೆ ತಪ್ಪಿದೆ, ನಿಲ್ಲದಿದ್ದರೆ ವಾಲ್ವ್ ಒಳಗಡೆಯೇ ಕೆಟ್ಟಿದೆ. ಹೊಸ ವಾಲ್ವ್ ಹಾಕುವಾಗ ಥ್ರೆಡ್‌ಗೆ ನಾನು ಟೆಫ್ಲಾನ್ ಟೇಪ್ ಸುತ್ತಲ್ಲ, ಅದರ ಚೂರು ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಥ್ರೆಡ್‌ಗೆ ಹಚ್ಚುವ ಸೀಲಿಂಗ್ ಪೇಸ್ಟ್ ಸಾಕು. ಆಮೇಲೆ ರೈಡ್ ಹೈಟ್, ಅಂದರೆ ಬ್ಯಾಗಿನ ಮೇಲೆ ಗಾಡಿ ನಿಲ್ಲಬೇಕಾದ ಎತ್ತರ, ಅಳೆಯಲೇಬೇಕು. ಸಮತಟ್ಟು ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಗಾಳಿಯ ಟ್ಯಾಂಕ್ ಫುಲ್. ಅಳತೆ ಚಾಸಿಯಿಂದ ಚಾಸಿಗೆ ಬೇರೆ, ಬೇರೆಯವರದ್ದನ್ನು ಕಾಪಿ ಹೊಡೀಬೇಡಿ.

ಬ್ಯಾಗಿಗೆ ಬೇಕಾದ್ದು ಸೋಪು ನೀರಿನ ಸ್ನಾನ ಮಾತ್ರ. ಹೊಳಪಿಗೆ ಅಂತ ಪೆಟ್ರೋಲಿಯಂ ಬೆರೆಸಿದ ಟೈರ್ ಪಾಲಿಶ್ ಬಳಿಯಬೇಡಿ, ರಬ್ಬರ್ ಹಾಳಾಗುತ್ತದೆ. ಮಡಿಕೆಯ ಜಾಗದಲ್ಲಿ ಬಿರುಕಿನೊಳಗೆ ರಬ್ಬರಿನ ಒಳಗಿನ ನೂಲು ಕಂಡರೆ ಬದಲಾಯಿಸಿ, ಆಗ ಅದೇ ಆಕ್ಸಲ್‌ನ ಇನ್ನೊಂದು ಕಡೆಯದನ್ನೂ ಬದಲಾಯಿಸೋದು ಒಳ್ಳೇದು ಅಂತ ನನ್ನ ಲೆಕ್ಕ.

ನಿಜವಾದ ಶತ್ರು ನೀರು. ಹ್ಯೂಸ್ಟನ್ ಹವೆ ಮಂಗಳೂರಿನ ಥರಾನೇ, ತೇವ ಜಾಸ್ತಿ. ಡ್ರೈಯರ್ ಸೋತರೆ ಆ ತೇವ ಟ್ಯಾಂಕಿಗೆ ಇಳಿಯುತ್ತದೆ, ವಾಲ್ವ್‌ಗಳು ತುಕ್ಕು ಹಿಡಿಯುತ್ತವೆ, ಚಳಿಗಾಲದಲ್ಲಿ ಕೊಲೊರಾಡೋ ಬೆಟ್ಟ ಹತ್ತಿದರೆ ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ, ಬ್ರೇಕಿಗೂ ಅದೇ ಗಾಳಿ ಅಲ್ವಾ? ಅದಕ್ಕೇ ಎರಡು-ಮೂರು ವರ್ಷಕ್ಕೊಮ್ಮೆ ಡ್ರೈಯರ್‌ನೊಳಗೆ ತೇವ ಹೀರುವ ಕಾರ್ಟ್ರಿಜ್ ಬದಲಾಯಿಸುತ್ತೇನೆ, ಪ್ರತಿ ಪ್ರವಾಸಕ್ಕೆ ಮುಂಚೆ ಟ್ಯಾಂಕ್‌ಗಳ ನೀರು ಹೊರಬಿಡುವ ಡ್ರೈನ್ ಎಳೆಯುತ್ತೇನೆ. ಒಣ ಗಾಳಿ ಬಂದರೆ ಸರಿ. ತುಸು ನೀರು ಬಂದರೆ ಕಾರ್ಟ್ರಿಜ್ ಹಳೇದಾಗಿದೆ. ಬೆಳ್ಳಗೆ ಜಿಡ್ಡುಜಿಡ್ಡಾಗಿ ಬಂದರೆ ಕಂಪ್ರೆಸರ್ ಎಣ್ಣೆ ತಳ್ಳುತ್ತಿದೆ ಅಂತ ಅರ್ಥ. ಅದು ನನ್ನ ಕೈಲಾಗುವ ಕೆಲಸ ಅಲ್ಲ, ಸೀದಾ ಟ್ರಕ್ ಮೆಕ್ಯಾನಿಕ್ ಹತ್ತಿರ.