ಟಿಪ್ಪಣಿ ಮಕ್ಕಳ ಮೊಬೈಲಿನಲ್ಲಿಯೂ ಕನ್ನಡವಾಗಿಯೇ ತೆರೆದುಕೊಳ್ಳಬೇಕಾದರೆ

ಪ್ರೌಢಶಾಲೆಯ ಶಿಕ್ಷಕರು ರಾತ್ರಿಯೆಲ್ಲ ಕುಳಿತು ‘ನುಡಿ’ ಎಂಬ ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಟೈಪಿಸಿದ ವಿಜ್ಞಾನದ ಟಿಪ್ಪಣಿಯನ್ನು ವರ್ಡ್ ಕಡತವಾಗಿಯೇ ತರಗತಿಯ ವಾಟ್ಸ್‌ಆ್ಯಪ್‌ಗೆ ಹಾಕುತ್ತಾರೆ. ಬೆಳಿಗ್ಗೆ ಮಕ್ಕಳು ಅದನ್ನು ತೆರೆದರೆ ಇಂಗ್ಲಿಷ್ ಅಕ್ಷರಗಳು, ನೆತ್ತಿಯ ಮೇಲೆ ಗೀಟು ಹೊತ್ತ ‘ಎ’ಗಳು, ‘ನ’ ಇರಬೇಕಾದಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ. ಈ ಎಡವಟ್ಟನ್ನು ನಾನು ಎಷ್ಟು ಶಾಲೆಗಳಲ್ಲಿ ಕಂಡಿದ್ದೇನೆಂದರೆ, ಟಿಪ್ಪಣಿ ಕಳುಹಿಸುವ ಕ್ರಮವನ್ನು ಒಮ್ಮೆ ಬರೆದಿಡುವುದೇ ಲೇಸೆನಿಸಿತು.

ಹಂತ 1. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಗುಂಪಿನ ಬದಲು ಕಮ್ಯುನಿಟಿಯೊಂದನ್ನು ರಚಿಸಿ, ಅದರ ಪ್ರಕಟಣೆಯ ವಿಭಾಗಕ್ಕೆ ಪೋಷಕರನ್ನು ಸೇರಿಸಿ. ಅಲ್ಲಿ ಅಡ್ಮಿನ್‌ಗಳಷ್ಟೇ ಸಂದೇಶ ಹಾಕಬಹುದಾದ್ದರಿಂದ ಶುಭೋದಯದ ಚಿತ್ರಗಳ ನಡುವೆ ಪಾಠ ಹೂತುಹೋಗುವುದಿಲ್ಲ. ಒಬ್ಬ ತಾಯಿಯ ದೂರವಾಣಿ ಸಂಖ್ಯೆ ಇಡೀ ತರಗತಿಯ ಮನೆಗಳಿಗೆ ಕಾಣುವುದೂ ಇಲ್ಲ.

ಹಂತ 2. ಕೆಲಸ ಕೆಡುವುದು ಇಲ್ಲಿಯೇ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಸಂಕೇತದ ಮೇಲೆ ಕೂರಿಸಲಾಗಿದೆ. ಕಡತದ ಒಳಗೆ ಇರುವುದು ಇಂಗ್ಲಿಷ್ ಸಂಕೇತವೇ. ಆ ಫಾಂಟ್ ಇರುವ ಗಣಕಯಂತ್ರದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ. ಪ್ರತಿ ಲಿಪಿಗೂ ಅದರದೇ ಸಂಕೇತಗಳನ್ನು ಕೊಡುವ ಯೂನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಹಾಗಲ್ಲ, ಕನ್ನಡಕ್ಕೆಂದೇ 128 ಸ್ಥಾನಗಳ ಪ್ರತ್ಯೇಕ ಕೋಷ್ಟಕವಿದೆ. ಆದ್ದರಿಂದ ಹೊಸದಾಗಿ ಬರೆಯುವುದನ್ನೆಲ್ಲ ಯೂನಿಕೋಡಿನಲ್ಲಿಯೇ ಬರೆಯಿರಿ. ನುಡಿಯ ಹೊಸ ಆವೃತ್ತಿಗಳಲ್ಲಿ ಆ ಆಯ್ಕೆಯಿದೆ, ಕೀಲಿಮಣೆಯ ವಿನ್ಯಾಸವೂ ನಿಮಗೆ ರೂಢಿಯಾದದ್ದೇ. ಬೆರಳಿಗೆ ಹೊಸ ಪಾಠವೇನೂ ಬೇಕಾಗಿಲ್ಲ.

ಹತ್ತು ವರ್ಷಗಳಿಂದ ಕೂಡಿಟ್ಟ ಹಳೆಯ ಟಿಪ್ಪಣಿಗಳನ್ನು ಮಾತ್ರ ಪರಿವರ್ತಿಸಬೇಕಾಗುತ್ತದೆ. ನುಡಿಯಲ್ಲಿಯೂ ಬರಹ ತಂತ್ರಾಂಶದಲ್ಲಿಯೂ ಇದಕ್ಕೆ ಪರಿವರ್ತಕಗಳಿವೆ. ಆದರೆ ಇಡೀ ಪುಟವನ್ನು ಆಯ್ದು ಒಂದೇ ಏಟಿಗೆ ಪರಿವರ್ತಿಸುವ ಆತುರ ಬೇಡ. ಪಠ್ಯವನ್ನಷ್ಟೇ ನೋಡಿ ಫಾಂಟನ್ನು ನೋಡದ ಪರಿವರ್ತಕಕ್ಕೆ ನಿಮ್ಮ ರಾಸಾಯನಿಕ ಸೂತ್ರವೂ ಆವರಣದಲ್ಲಿ ಕೊಟ್ಟ ಇಂಗ್ಲಿಷ್ ಪಾರಿಭಾಷಿಕ ಪದವೂ ಕನ್ನಡದ ಸಂಕೇತಗಳಂತೆಯೇ ತೋರುತ್ತವೆ. ಇಂಗಾಲದ ಡೈಆಕ್ಸೈಡಿನ ಸೂತ್ರ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತದೆ. ಕನ್ನಡದ ಪ್ಯಾರಾಗಳನ್ನು ಮಾತ್ರ ಒಂದೊಂದಾಗಿ ಪರಿವರ್ತಿಸಿ, ಸೂತ್ರಗಳನ್ನು ಕೈಯಿಂದಲೇ ಮತ್ತೆ ಟೈಪಿಸಿ. ಬಳಿಕ ಇಡೀ ಪಠ್ಯಕ್ಕೆ ತುಂಗಾ, ನಿರ್ಮಲಾ ಅಥವಾ ನೋಟೋ ಫಾಂಟ್ ಹಾಕಿ. ನನ್ನ ಆಯ್ಕೆ ನೋಟೋ. ಅದು ಉಚಿತವಾಗಿ ಸಿಗುತ್ತದೆ, ಒತ್ತಕ್ಷರಗಳು ಸಣ್ಣ ಪರದೆಯಲ್ಲಿಯೂ ಒಂದರೊಳಗೊಂದು ಕಲೆಯುವುದಿಲ್ಲ.

ಇನ್ನು ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ‘ಕಾರ್ಯ’ ಸರಿಯಾಗಿಯೇ ಬರುತ್ತದೆ. ‘ರ‍್ಯಾಂಕ್’ ಎಂಬುದು ‘ರ್ಯಾಂಕ್’ ಆಗಿಬಿಡುವುದುಂಟು, ಏಕೆಂದರೆ ಯೂನಿಕೋಡಿನಲ್ಲಿ ರಕಾರವನ್ನು ಪೂರ್ತಿಯಾಗಿ ಉಳಿಸಲು ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಬೇಕು, ಪರಿವರ್ತಕ ಅದನ್ನು ಬಿಟ್ಟಿರುತ್ತದೆ.

ಅವಸರವಿದ್ದರೆ ಹಳೆಯ ಕಡತವನ್ನು ಹಾಗೆಯೇ ಪಿಡಿಎಫ್ ಮಾಡಿ ಕಳುಹಿಸಬಹುದು. ಫಾಂಟ್ ಅದರೊಳಗೇ ಸೇರಿಕೊಳ್ಳುವುದರಿಂದ ಅಕ್ಷರ ಸರಿಯಾಗಿ ಕಾಣುತ್ತದೆ. ಆದರೆ ಮಗು ಅದರಲ್ಲಿ ‘ಪತ್ರಹರಿತ್ತು’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಒಂದು ಸಾಲನ್ನು ನಕಲಿಸಿದರೆ ಮತ್ತೆ ಅದೇ ಪೌಂಡಿನ ಚಿಹ್ನೆ ಬರುತ್ತದೆ, ಕಣ್ಣು ಕಾಣದ ಮಕ್ಕಳಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವಲ್ಲ. ಒಂದು ರಾತ್ರಿಯ ಮಟ್ಟಿಗೆ ಸರಿ, ರೂಢಿ ಮಾಡಿಕೊಳ್ಳಬೇಡಿ. ಗಣಕಯಂತ್ರದ ಪರದೆಯನ್ನೇ ಮೊಬೈಲಿನಿಂದ ಫೋಟೊ ಹೊಡೆದು ಕಳುಹಿಸುವುದನ್ನಂತೂ ಈ ದಿನವೇ ನಿಲ್ಲಿಸಿ.

ಹಂತ 3. ಪುಟದ ಅಳತೆಯನ್ನು ಎ4ರಿಂದ ಎ5ಕ್ಕೆ ಇಳಿಸಿ, ಅಕ್ಷರದ ಗಾತ್ರವನ್ನು 18ಕ್ಕೆ ಏರಿಸಿ, ಅಂಚನ್ನು ಒಂದು ಸೆಂಟಿಮೀಟರಿಗೆ ತನ್ನಿ. ಕಾರಣ ಸರಳವಾದ ಲೆಕ್ಕ: ಎ4 ಹಾಳೆಯ ಅಗಲ 210 ಮಿಲಿಮೀಟರ್, ಮೊಬೈಲ್ ಪರದೆಯದು ಸುಮಾರು 70. ಹಾಳೆಯಲ್ಲಿ 12ರ ಗಾತ್ರದಲ್ಲಿದ್ದ ಅಕ್ಷರ ಪರದೆಯಲ್ಲಿ 4ಕ್ಕೆ ಇಳಿದು ಇರುವೆ ಸಾಲಾಗುತ್ತದೆ. ಎ5ರ ಅಗಲ 148. ಅದರ ಮೇಲಿನ 18ರ ಅಕ್ಷರ ಪರದೆಯಲ್ಲಿ ಎಂಟೂವರೆಯಷ್ಟು ಉಳಿಯುತ್ತದೆ, ಬೆರಳಿನಿಂದ ಹಿಗ್ಗಿಸದೆಯೇ ಓದಬಹುದು. ಪಿಡಿಎಫ್ ಮಾಡಲು ವರ್ಡ್‌ನಲ್ಲಿಯೇ ವ್ಯವಸ್ಥೆಯಿದೆ; ಪ್ರತಿ ಪುಟದ ಮೇಲೂ ತನ್ನ ಹೆಸರಿನ ಅಚ್ಚೊತ್ತಿ, ನಡುನಡುವೆ ಸಾಲದ ಜಾಹೀರಾತು ತೋರಿಸುವ ಪುಕ್ಕಟೆ ಆ್ಯಪ್‌ಗಳ ಗೊಡವೆಗೆ ಹೋಗಬೇಡಿ.

ಹಂತ 4. ಕಳುಹಿಸುವ ಮೊದಲು ಕಡತವನ್ನು ನಿಮ್ಮದಲ್ಲದ ಒಂದು ಅಗ್ಗದ ಮೊಬೈಲಿನಲ್ಲಿ ತೆರೆದು ನೋಡಿ.

ಹಂತ 5. ಟಿಪ್ಪಣಿಯ ಜೊತೆಗೆ ಮೂರು ನಿಮಿಷ ಮೀರದ ಧ್ವನಿ ಸಂದೇಶವೊಂದಿರಲಿ, ಒಂದು ಸಂದೇಶದಲ್ಲಿ ಒಂದೇ ಪರಿಕಲ್ಪನೆ. ಇಪ್ಪತ್ತು ನಿಮಿಷದ ವಿಡಿಯೊ ಮಾಡಿ ಹಾಕುವ ಹುಮ್ಮಸ್ಸು ನನಗೆ ಒಪ್ಪಿಗೆಯಿಲ್ಲ. ಅಪ್ಪನ ಮೊಬೈಲಿನ ದಿನದ ಡೇಟಾ ಅದಕ್ಕೇ ಮುಗಿದರೆ ಮರುದಿನ ಮಗುವಿನ ಕೈಗೆ ಮೊಬೈಲ್ ಸಿಗುವುದಿಲ್ಲ. ಚಲಿಸುವ ಚಿತ್ರ ಬೇಕೇ ಬೇಕೆನಿಸುವ ಪಾಠಕ್ಕೆ ಪಠ್ಯಪುಸ್ತಕದ ಪುಟದಲ್ಲಿರುವ ಕ್ಯೂಆರ್ ಸಂಕೇತವನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಲು ಹೇಳಿ.

ಹಂತ 6. ಪಾಠದ ಪ್ರಶ್ನೆಗಳಿಗೆ ಮಕ್ಕಳು ಬರೆದ ಉತ್ತರಗಳು ನಿಮ್ಮ ವೈಯಕ್ತಿಕ ಚಾಟ್‌ಗೇ ಬರಲಿ. ನೋಟ್‌ಬುಕ್ಕಿನ ಪುಟವನ್ನು ಕಿಟಕಿಯ ಬೆಳಕಿನಲ್ಲಿ, ನೆರಳು ಬೀಳದಂತೆ, ಮೇಲ್ತುದಿಯಲ್ಲಿ ಹೆಸರು ಬರೆದು ಫೋಟೊ ತೆಗೆಯಲು ಮಕ್ಕಳಿಗೆ ತರಗತಿಯಲ್ಲಿಯೇ ಒಮ್ಮೆ ಮಾಡಿ ತೋರಿಸಿ. ಅದನ್ನು ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ವಾಟ್ಸ್‌ಆ್ಯಪ್ ಕುಗ್ಗಿಸುವುದಿಲ್ಲ, ಪೆನ್ಸಿಲಿನ ಚಿತ್ರವೂ ಸ್ಪಷ್ಟವಾಗಿ ಉಳಿಯುತ್ತದೆ. ಗಡುವನ್ನು ರಾತ್ರಿ ಒಂಬತ್ತಕ್ಕೆ ಇಡಿ. ಮನೆಯ ಒಂದೇ ಮೊಬೈಲು ದುಡಿಮೆಗೆ ಹೋದವರ ಜೇಬಿನಲ್ಲಿ ಸಂಜೆಯವರೆಗೂ ಹೊರಗೇ ಇರುತ್ತದೆ.